ಅಡುಗೆ ಮನೆಯ ಮಸಿ ತೊಳೆಯುವವರು ಯಾರು?

ರಮಝಾನ್ ಸಮೀಪಿಸುತ್ತಿದ್ದಂತೆಯೇ ನಮ್ಮ ಅಡುಗೆ ಮನೆಗಳಲ್ಲಿ ಸದ್ದಿಲ್ಲದ ಹೋರಾಟವೊಂದು ಆರಂಭವಾಗುತ್ತದೆ. ಅಟ್ಟದ ಡಬ್ಬಿಗಳು ಕೆಳಗಿಳಿಯುತ್ತವೆ, ಒಲೆಯ ಹಿಂದಿನ ಗೋಡೆಯ ಜಿಡ್ಡು ಕೆರೆಯಲ್ಪಡುತ್ತದೆ. ಖಾನಾಪುರದಂತಹ ಊರುಗಳಲ್ಲಿ ಈ ಕೆಲಸ ಇನ್ನೂ ಕಠಿಣ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕಿನದು. ಘಟ್ಟದ ಸೆರಗಿನ ಮಳೆ ಗೋಡೆಗಳನ್ನು ತಿಂಗಳುಗಟ್ಟಲೆ ನೆನೆಸುತ್ತದೆ. ಮೂಲೆಗಳಲ್ಲಿ ಬೂಷ್ಟು, ಕಟ್ಟಿಗೆಯ ಒಲೆಯಿರುವಲ್ಲಿ ಹಂಚಿನ ತಳಕ್ಕೆ ವರ್ಷದ ಮಸಿ. ಇವನ್ನೆಲ್ಲ ಉಜ್ಜಿ ತೆಗೆಯುವವರು ಯಾರು? ಮನೆಯ ಮಹಿಳೆಯರು. ಅವರು ಮಾತ್ರ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾದಾಗ ನಾಯಕರು ಪೊರಕೆ ಹಿಡಿದು ಬೀದಿಗಿಳಿದರು. ಕ್ಯಾಮರಾಗಳು ಜೊತೆಗಿದ್ದವು. ಅಡುಗೆ ಮನೆಗೆ ಮಾತ್ರ ಯಾವ ಕ್ಯಾಮರಾವೂ ಬರುವುದಿಲ್ಲ. 2019ರಲ್ಲಿ ಕೇಂದ್ರ ಸರಕಾರವೇ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾಳೆ. ಪುರುಷ 97 ನಿಮಿಷ. ಅಷ್ಟಾದರೂ ತೊಡಗುವ ಪುರುಷರು ನೂರಕ್ಕೆ 26 ಮಂದಿ ಮಾತ್ರ. ಈ ಅಂಕಿ ಅಂಶ ಇಡೀ ದೇಶದ್ದು. ನಮ್ಮ ಮೊಹಲ್ಲಾಗಳು ಇದಕ್ಕೆ ಹೊರತು ಎನ್ನುವ ಧೈರ್ಯ ನಮಗಿಲ್ಲ.

ಶುಚಿತ್ವದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರು ನಾವು. ಪ್ರವಾದಿ(ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ಸಮಯವಾದಾಗ ಹೊರಡುತ್ತಿದ್ದರು ಎಂಬ ಹಝ್ರತ್ ಆಯಿಶಾ(ರ)ರ ವರದಿ ನಮಗೆ ತಿಳಿಯದ್ದೇನಲ್ಲ. ಆದರೂ ವರ್ಷಕ್ಕೊಮ್ಮೆ ಫ್ರಿಜ್ ಸರಿಸಿಕೊಟ್ಟವರು 'ಸಹಾಯ ಮಾಡಿದೆ' ಎನ್ನುತ್ತಾರೆ. ತನ್ನದೇ ಮನೆಯ ಕೆಲಸ ಮಾಡಿದವನು ಯಾರಿಗೆ ಸಹಾಯ ಮಾಡಿದಂತಾಯಿತು?

ಇದು ಬರೀ ದಣಿವಿನ ಪ್ರಶ್ನೆಯೂ ಅಲ್ಲ. ಬೇಗ ಮುಗಿಸುವ ಅವಸರದಲ್ಲಿ ಬ್ಲೀಚಿಂಗ್ ಪುಡಿಯ ಮೇಲೆ ಶೌಚಾಲಯದ ಆ್ಯಸಿಡ್ ಸುರಿಯುವವರಿದ್ದಾರೆ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಬ್ಲೀಚಿಗೆ ವಿನೆಗರ್ ಬೆರೆಸುವುದೂ ಇಷ್ಟೇ ಅಪಾಯ. ಜಿಡ್ಡಿಗೆ ಬಿಸಿನೀರು, ಅಡುಗೆ ಸೋಡಾ, ಪಾತ್ರೆಯ ಸಾಬೂನು ಬಹುಮಟ್ಟಿಗೆ ಸಾಕು. ಸ್ವಲ್ಪ ಹೊತ್ತು ನೆನೆಯಲು ಬಿಡುವ ತಾಳ್ಮೆ ಬೇಕು, ಅಷ್ಟೆ. ಖಾನಾಪುರದ ಮಣ್ಣಿನ ಮಡಕೆಗಳಿಗೆ ಮಾತ್ರ ಸಾಬೂನು ಬೇಡ, ಅವು ಅದನ್ನು ಹೀರಿಕೊಳ್ಳುತ್ತವೆ. ಬಿಸಿನೀರು, ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗಿಟ್ಟರಾಯಿತು.

ಸಿಲಿಂಡರಿನ ರೆಗ್ಯುಲೇಟರ್ ಮುಚ್ಚುವುದು, ಏಣಿ ಹತ್ತಿ ಅಟ್ಟ ಗುಡಿಸುವುದು, ವಿದ್ಯುತ್ ತೆಗೆದು ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ತೊಳೆಯುವುದು. ಇಷ್ಟನ್ನಾದರೂ ಮನೆಯ ಗಂಡಸರೂ ಬೆಳೆದ ಹುಡುಗರೂ ವಹಿಸಿಕೊಳ್ಳಲಿ. ಅದೂ ಚಂದ್ರದರ್ಶನದ ಹಿಂದಿನ ರಾತ್ರಿಯಲ್ಲ, ಶಾಬಾನ್ ತಿಂಗಳ ಎರಡು ಆದಿತ್ಯವಾರಗಳಲ್ಲಿ. ಮೊದಲ ಸಹರಿಗೆ ಎದ್ದು ಒಲೆ ಹಚ್ಚಬೇಕಾದವಳು ಆ ರಾತ್ರಿಯಾದರೂ ಬೇಗ ಮಲಗಲಿ.