ತ್ರೀಫೇಸ್ ಹಗಲಿಗೆ ಬಂದೀತೇ? ಕುಸುಮ್-ಸಿ ಯೋಜನೆಯಲ್ಲಿ ನಮ್ಮ ತಾಲ್ಲೂಕುಗಳು ನೋಡಬೇಕಾದ್ದು

ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಅಡಿಕೆ, ತೆಂಗಿನ ತೋಟದವರಿಗೆ ಕರೆಂಟ್ ಅಂದ್ರೆ ತ್ರೀಫೇಸ್. ಮನೆಯಲ್ಲಿ ಲೈಟ್ ಉರಿಯುತ್ತಿದ್ದರೂ ಮೋಟಾರ್ ಓಡಲ್ಲ. ಪಂಪ್‌ಸೆಟ್ ಲೈನಿಗೆ ಸರ್ಕಾರ ಹೇಳುವ 7 ಗಂಟೆಯಲ್ಲಿ ಒಂದಷ್ಟು ರಾತ್ರಿ ಪಾಳಿಗೆ ಬಿದ್ದರೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಲೇಬೇಕು. ಹಾವು, ಚಿರತೆ, ಒದ್ದೆ ನೆಲದಲ್ಲಿ ಸ್ಟಾರ್ಟರ್ ಮುಟ್ಟುವ ಭಯ, ಎಲ್ಲ ಇದ್ದದ್ದೇ.

ಈ ರಾತ್ರಿ ಕರೆಂಟ್ ಬರುವುದೆಲ್ಲಿಂದ? ರಾಜ್ಯದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ನೀರಾವರಿ ಪಂಪ್‌ಸೆಟ್‌ಗೇ ಹೋಗುತ್ತದೆ. ಹಗಲಾದರೆ ಸೋಲಾರ್ ಇದೆ. ಪಾವಗಡದ 2,050 ಮೆಗಾವಾಟ್ ಪಾರ್ಕ್ ಒಂದೇ ಸಾಕು ಉದಾಹರಣೆಗೆ. ಸೂರ್ಯ ಮುಳುಗಿದ ಮೇಲೆ ಭಾರ ಬೀಳುವುದು ಜಲವಿದ್ಯುತ್ ಮೇಲೆ, ಗಾಳಿ ಮೇಲೆ, ಉಳಿದಂತೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ.

ನೀರಿನ ಕರೆಂಟ್ ನಮಗೆ ಹೊಸದಲ್ಲ. ಭದ್ರಾ ಡ್ಯಾಂ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ, ಅಲ್ಲೇ ಪವರ್ ಹೌಸೂ ಇದೆ. ಹೊಗೆಯಿಲ್ಲದ ಕರೆಂಟ್, ಆದರೆ ಅದಕ್ಕೊಂದು ದೌರ್ಬಲ್ಯ. ಮಳೆ ಕೈಕೊಟ್ಟ ವರ್ಷ ಡ್ಯಾಂ ಬರಿದಾಗುತ್ತದೆ, ಅದೇ ವರ್ಷ ಬೋರ್‌ವೆಲ್ ಜಾಸ್ತಿ ಓಡಬೇಕಾಗುತ್ತದೆ. ಬೇಡಿಕೆ ಏರುವುದೂ ಉತ್ಪಾದನೆ ಇಳಿಯುವುದೂ ಒಟ್ಟಿಗೇ. 2023ರಲ್ಲಿ ಆಗಿದ್ದು ಇದೇ. ಅಕ್ಟೋಬರ್‌ನಲ್ಲಿ 7 ಗಂಟೆಯ ತ್ರೀಫೇಸ್ 5 ಗಂಟೆಗೆ ಇಳಿಯಿತು. ರೈತರು ಬೀದಿಗಿಳಿದ ಮೇಲೆ ನವೆಂಬರ್‌ನಲ್ಲಿ ಮತ್ತೆ 7 ಗಂಟೆ ಎಂದರು.

ಸೋಲಾರ್ ಇದಕ್ಕೆ ಪೂರ್ತಿ ಉಲ್ಟಾ. ಮೋಡವಿಲ್ಲದ ಬರಗಾಲದಲ್ಲಿ, ತೋಟ ಬಾಯಿ ಬಿಡುವ ಫೆಬ್ರವರಿಯಿಂದ ಮೇ ತನಕ, ಬಿಸಿಲಿಗೆ ಬರವಿಲ್ಲ. ಮಳೆಗಾಲದಲ್ಲಿ ಉತ್ಪಾದನೆ ಕುಗ್ಗುತ್ತದೆ ನಿಜ, ಆದರೆ ಆಗ ಮೋಟಾರ್ ಹಾಕುವವರೂ ಕಡಿಮೆ. ಪಂಪ್‌ಸೆಟ್‌ಗೆ ಬ್ಯಾಟರಿಯೂ ಬೇಕಿಲ್ಲ. ಮಧ್ಯಾಹ್ನ ಎತ್ತಿದ ನೀರು ತೊಟ್ಟಿಯಲ್ಲೋ ಗಿಡದ ಬುಡದಲ್ಲೋ ಇದ್ದರೆ ಅದೇ ದಾಸ್ತಾನು.

ಕುಸುಮ್-ಸಿ ನಿಂತಿರುವುದು ಈ ಲೆಕ್ಕದ ಮೇಲೆ. ಪ್ರತಿ ರೈತನ ಹೊಲದಲ್ಲೂ ಪ್ಯಾನಲ್ ಹಾಕುವುದಿಲ್ಲ. ಸಬ್‌ಸ್ಟೇಷನ್ ಹತ್ತಿರದ ಜಮೀನಿನಲ್ಲಿ ಖಾಸಗಿಯವರು ಘಟಕ ಹಾಕುತ್ತಾರೆ, ಕರೆಂಟ್ ಅಲ್ಲಿಂದಲೇ ಪಂಪ್‌ಸೆಟ್ ಫೀಡರ್‌ಗೆ ಹರಿಯುತ್ತದೆ, ವಿದ್ಯುತ್ ಕಂಪನಿ 25 ವರ್ಷ ನಿಗದಿತ ದರಕ್ಕೆ ಕೊಳ್ಳುತ್ತದೆ. ನೂರಾರು ಕಿಲೋಮೀಟರ್ ಲೈನಿನಲ್ಲಿ ಸೋರಿಕೆಯೂ ಉಳಿಯಿತು. 2025ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಗೌರಿಬಿದನೂರು ತಾಲ್ಲೂಕಿನಲ್ಲಿ ಇದಕ್ಕೆ ಚಾಲನೆ ಕೊಟ್ಟರು. ನಮ್ಮ ಮೂರು ತಾಲ್ಲೂಕು ಮೆಸ್ಕಾಂ ವ್ಯಾಪ್ತಿಯವು. ಹಾಗಾಗಿ ಮೆಸ್ಕಾಂ ಜನಸಂಪರ್ಕ ಸಭೆಯಲ್ಲಿ ಬಿಲ್ಲು, ಟಿಸಿ ಸುಟ್ಟಿದ್ದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ನಮ್ಮ ಸಬ್‌ಸ್ಟೇಷನ್ ಪಟ್ಟಿಯಲ್ಲಿದೆಯಾ, ಜಮೀನು ಗುರುತಾಗಿದೆಯಾ?

ಜಮೀನೇ ಗಂಟು. ಒಂದು ಮೆಗಾವಾಟ್‌ಗೆ ಸುಮಾರು 4 ಎಕರೆ ಬೇಕು. ಸರ್ಕಾರಿ ಜಾಗ ಅಂದರೆ ಗೋಮಾಳ ನೆನಪಾಗುತ್ತದೆ. ಕುರಿ, ದನ ಸಾಕಿದವರನ್ನು ಕೇಳದೆ ಬೇಲಿ ಹಾಕಿದರೆ ತಂಟೆ ಖಂಡಿತ. ಘಟಕ ಬಂದ ಕೂಡಲೇ ಕರೆಂಟ್ ಹೋಗೋದೇ ಇಲ್ಲ ಅನ್ನುವುದೂ ತಪ್ಪು ಲೆಕ್ಕ. ಮುಖ್ಯ ಲೈನ್ ಟ್ರಿಪ್ ಆದರೆ ಘಟಕವೂ ನಿಲ್ಲುತ್ತದೆ, ಹಳೇ ತಂತಿ, ಓವರ್‌ಲೋಡ್ ಟಿಸಿ ಹಾಗೇ ಇದ್ದರೆ ಪ್ಯಾನಲ್ ಏನೂ ಮಾಡಲಾಗದು.

ಇದಕ್ಕಿಂತ ದೊಡ್ಡ ಚಿಂತೆ ನೆಲದ ಕೆಳಗಿನದು. ಕಡೂರು ಮೊದಲೇ ಬರದ ಸೀಮೆ. 10 ಎಚ್‌ಪಿವರೆಗೆ ಕರೆಂಟ್ ಉಚಿತ, ಅದರ ಮೇಲೆ ಹಗಲೇ ಸಿಕ್ಕರೆ ಎಲ್ಲರ ಮೋಟಾರೂ ಏಕಕಾಲಕ್ಕೆ ಓಡುತ್ತವೆ. ಅಂತರ್ಜಲಕ್ಕೆ ಸೋಲಾರ್ ಆದರೇನು, ಕಲ್ಲಿದ್ದಲಾದರೇನು. ಹನಿ ನೀರಾವರಿ, ಕೆರೆ ತುಂಬಿಸುವ ಕೆಲಸ ಜೊತೆಗೆ ಸಾಗದಿದ್ದರೆ ಗೆದ್ದ ಕರೆಂಟನ್ನು ಬೋರ್‌ವೆಲ್‌ನಲ್ಲೇ ಕಳೆದುಕೊಳ್ಳುತ್ತೇವೆ.

ಪೇಟೆಯ ಅಂಗಡಿಯವರ ಲೆಕ್ಕ ಬೇರೆ. ಗೃಹಜ್ಯೋತಿ ಮನೆಗೆ ಮಾತ್ರ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟ್‌ಗೆ ಸಿಗುವ 78,000 ರೂ. ಸಬ್ಸಿಡಿಯೂ ಮನೆಗೇ. ತಮಾಷೆ ಏನಂದ್ರೆ, ಬಿಲ್ಲೇ ಸೊನ್ನೆಯಾದ ಮನೆಯವರಿಗೆ ಸೋಲಾರ್ ಹಾಕುವ ಅವಸರ ಇಲ್ಲ, ವಾಣಿಜ್ಯ ದರ ಕಟ್ಟುವ ಅಂಗಡಿಯವರಿಗೆ ಸಬ್ಸಿಡಿ ಇಲ್ಲ. ಹಾಗಿದ್ದರೂ ಹಗಲಿಡೀ ಫ್ರಿಜ್, ಗಿರಣಿ, ಜೆರಾಕ್ಸ್ ಓಡಿಸುವವರಿಗೆ ಸಬ್ಸಿಡಿ ಇಲ್ಲದೆಯೂ ಇದು ಗಿಟ್ಟಬಹುದು. ಒಂದು ಕಿಲೋವಾಟ್ ಪ್ಯಾನಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಬೇಕಾದದ್ದು ನೆರಳಿಲ್ಲದ ನೂರು ಚದರಡಿ ತಾರಸಿ. ಬ್ಯಾಟರಿ ಇಲ್ಲದ ವ್ಯವಸ್ಥೆ ಲೈನ್ ಕರೆಂಟ್ ಹೋದಾಗ ತಾನೂ ಆಫ್ ಆಗುತ್ತದೆ, ಯುಪಿಎಸ್ ಮಾರಿಬಿಡಬೇಡಿ.