ಯಲಹಂಕ ಪ್ರವಾಹ (2021 ಮತ್ತು 2024)

ಯಲಹಂಕ ಪ್ರವಾಹ ಎಂಬುದು ಬೆಂಗಳೂರಿನ ಉತ್ತರ ಭಾಗದಲ್ಲಿ ನವೆಂಬರ್ 2021 ಹಾಗೂ ಅಕ್ಟೋಬರ್ 2024ರ ಹಿಂಗಾರು ಮಳೆಯಲ್ಲಿ ಉಂಟಾದ ಎರಡು ನೆರೆಗಳನ್ನು ಸೂಚಿಸುತ್ತದೆ. ಕೇಂದ್ರ ಸರ್ಕಾರಿ ನೌಕರರಿಗಾಗಿ ನಿರ್ಮಿಸಲಾದ ‘ಕೇಂದ್ರೀಯ ವಿಹಾರ’ ವಸತಿ ಸಮುಚ್ಚಯವು ಎರಡು ಬಾರಿಯೂ ಜಲಾವೃತವಾಯಿತು.

ಹಿನ್ನೆಲೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಗಾಳಿಯ ರಭಸ ಇಲ್ಲಿಗೆ ಬರುವಷ್ಟರಲ್ಲಿ ತಗ್ಗಿರುತ್ತದೆ. ತೇವಾಂಶ ಮಾತ್ರ ಉಳಿದಿರುತ್ತದೆ. ಮುಂಗಾರಿನಲ್ಲಿ ಕೆರೆಗಳು ತುಂಬಿದ ಮೇಲೆ ಹಿಂಗಾರು ಬರುವುದರಿಂದ ಈ ಮಳೆಯ ನೀರಿಗೆ ತಂಗುವ ಜಾಗ ಕಡಿಮೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಒಂದರ ಕೋಡಿ ಮುಂದಿನದಕ್ಕೆ ಹರಿಯುವ ಸರಪಳಿಯಾಗಿದ್ದು, ಆ ನೀರು ಎಲೆಮಲ್ಲಪ್ಪಶೆಟ್ಟಿ ಕೆರೆಯ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರಿ ಕೊನೆಗೆ ಬಂಗಾಳ ಕೊಲ್ಲಿಯನ್ನೇ ತಲುಪುತ್ತದೆ. ಈ ಹಾದಿಯಲ್ಲಿ ರಾಜಕಾಲುವೆ ಎಲ್ಲಿ ಕಿರಿದಾಗಿದೆಯೋ ಅಲ್ಲಿ ನೀರು ಮನೆಗಳತ್ತ ತಿರುಗುತ್ತದೆ.

ಘಟನೆಗಳು

19 ನವೆಂಬರ್ 2021ರಂದು ವಾಯುಭಾರ ಕುಸಿತವೊಂದು ಪುದುಚೇರಿ ಮತ್ತು ಚೆನ್ನೈ ನಡುವೆ ತೀರವನ್ನು ದಾಟಿತು. 21ರ ರಾತ್ರಿ ಯಲಹಂಕದಲ್ಲಿ 100 ಮಿ.ಮೀ.ಗೂ ಅಧಿಕ ಮಳೆ ಸುರಿದು, ಕೆರೆಯ ನೀರು ಸಮುಚ್ಚಯಕ್ಕೆ ನುಗ್ಗಿತು. ವಾಹನಗಳು ಮುಳುಗಿದವು, ವಿದ್ಯುತ್ ಕಡಿತಗೊಂಡಿತು. ನಿವಾಸಿಗಳನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಹೊರತರಲಾಯಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸ್ಥಳಕ್ಕೆ ಭೇಟಿ ನೀಡಿ, ರಾಜಕಾಲುವೆಯನ್ನು ಅಗಲಗೊಳಿಸುವುದಾಗಿ ತಿಳಿಸಿದರು.

ಮೂರು ವರ್ಷವೂ ತುಂಬಿರಲಿಲ್ಲ. 2024ರ ಅಕ್ಟೋಬರ್ ಮಧ್ಯಭಾಗದಲ್ಲಿ ಚೆನ್ನೈ ಸಮೀಪ ತೀರ ದಾಟಿದ ವಾಯುಭಾರ ಕುಸಿತದ ಮಳೆಗೆ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನ ರಸ್ತೆಗಳು ಜಲಾವೃತವಾದವು. 21ರ ರಾತ್ರಿಯ ಮಳೆಗೆ ಕೇಂದ್ರೀಯ ವಿಹಾರ ಮತ್ತೆ ಮುಳುಗಿತು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಪುನಃ ದೋಣಿಗಳನ್ನು ಇಳಿಸಿತು. ಅದೇ ವಾರ ರೂಪುಗೊಂಡ ‘ದಾನಾ’ ಚಂಡಮಾರುತ ಬೆಂಗಳೂರಿನತ್ತ ಸುಳಿಯದೆ 25ರಂದು ಒಡಿಶಾ ತೀರವನ್ನು ಅಪ್ಪಳಿಸಿತು.

ವಿಶ್ಲೇಷಣೆ

ಎರಡೂ ನೆರೆಗಳಿಗೆ ಭಾರೀ ಮಳೆಯೇ ತಕ್ಷಣದ ಕಾರಣ. ಆದರೆ ಅಷ್ಟೇ ಮಳೆ ಬಿದ್ದ ಸುತ್ತಲಿನ ಎತ್ತರದ ಬಡಾವಣೆಗಳಲ್ಲಿ ನೀರು ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ತಗ್ಗಿನಲ್ಲಿರುವ ಈ ಸಮುಚ್ಚಯದಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಕಾಲುವೆಯನ್ನು ಸಮುಚ್ಚಯದ ಬಳಿ ಮಾತ್ರ ಅಗಲಗೊಳಿಸಿದರೆ ನೆರೆ ಕೆಳಗಿನ ಬಡಾವಣೆಗೆ ಸ್ಥಳಾಂತರವಾಗುವ ಸಂಭವವಿದೆ. ಮಳೆಗಾಲದ ನಡುವೆಯೇ ತೂಬು ತೆರೆದು ಕೆರೆಗಳಲ್ಲಿ ಒಂದಿಷ್ಟು ಜಾಗ ಉಳಿಸಿಕೊಳ್ಳುವುದು ಇನ್ನೊಂದು ಮಾರ್ಗ. ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತುವ ಈ ಭಾಗದಲ್ಲಿ ತುಂಬಿದ ಕೆರೆಯನ್ನು ಖಾಲಿ ಮಾಡಿಸುವುದು ಸುಲಭದ ನಿರ್ಧಾರವಲ್ಲ.