ಹೂಂಗುಟ್ಟುವ ಕಾವಲು

ಗೋಕಾಕ, ಮೂಡಲಗಿ, ಹುಕ್ಕೇರಿ ಸಹಕಾರದ ಸೀಮೆ. ದೇಶದಲ್ಲಿ ಪ್ರಯೋಗವೆಂದು ಆರಂಭವಾದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು 1969ರಲ್ಲಿ ಹುಕ್ಕೇರಿಯಲ್ಲೇ ಹುಟ್ಟಿತು. ಇಲ್ಲಿನ ರೈತನ ದುಡ್ಡು ಓಡಾಡುವುದು ಪತ್ತಿನ ಸಂಘ, ಹಾಲಿನ ಡೇರಿ, ಸಕ್ಕರೆ ಕಾರ್ಖಾನೆಗಳ ನಡುವೆ. ಆ ಲೆಕ್ಕವೆಲ್ಲ ಕೆಂಪು ಬಟ್ಟೆಯ ಖಾತೆ ಪುಸ್ತಕ ಬಿಟ್ಟು ಸರ್ವರ್ ಸೇರುತ್ತಿದೆ. ಪಿಗ್ಮಿ ತುಂಬಿಸಿಕೊಳ್ಳುವವರ ಕೈಯಲ್ಲಿ ಮೊಬೈಲ್ ಬಂದಿದೆ. ಕಬ್ಬಿನ ತೂಕ, ಸಾಲದ ಕಂತು ಎಲ್ಲವೂ ಸಂದೇಶವಾಗಿ ಬರುತ್ತವೆ. ಈ ಯಂತ್ರಗಳ ನಡುವಿನ ಮಾತುಕತೆ ಗೂಢಲಿಪಿಯಲ್ಲಿ ನಡೆಯುತ್ತದೆ, ಹಾಗಾಗಿ ಭಯವಿಲ್ಲ ಎಂದು ಆಡಳಿತ ಮಂಡಳಿಗಳೂ ಸದಸ್ಯರೂ ನಂಬಿದ್ದಾರೆ. ನಮ್ಮ ಆತಂಕ ಇರುವುದು ಆ ನಂಬಿಕೆಯ ಬಗ್ಗೆ.

ಗೂಢಲಿಪಿ ಮಾತನ್ನು ಮುಚ್ಚುತ್ತದೆ, ಅಷ್ಟೇ. ಆಚೆ ತುದಿಯಲ್ಲಿ ಕುಳಿತವರು ಯಾರು ಎಂಬುದಕ್ಕೆ ಸಾಕ್ಷಿ ಸರ್ಟಿಫಿಕೇಟ್. ಓಪನ್‌ಎಸ್‌ಎಸ್‌ಎಲ್‌ನಂಥ ತಂತ್ರಾಂಶ ಗ್ರಂಥಾಲಯಗಳು ಆ ಸಾಕ್ಷಿಯನ್ನು ಪರೀಕ್ಷಿಸುವಾಗ ಪ್ರೋಗ್ರಾಮರ್‌ಗೊಂದು ಅವಕಾಶ ಕೊಡುತ್ತವೆ. ಆತ ಒಂದು ಪುಟ್ಟ ಫಂಕ್ಷನ್ ಬರೆದು ಗ್ರಂಥಾಲಯದ ಕೈಗೆ ಕೊಟ್ಟು, ಇಂಥದ್ದು ಕಂಡರೆ ಇದನ್ನು ಕರೆ ಎಂದು ಹೇಳಿಡಬಹುದು. ಇದೇ ಕಾಲ್‌ಬ್ಯಾಕ್. ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ಕೂಡಲೇ ಘಟಪ್ರಭೆಯ ದಂಡೆಯ ಊರುಗಳಿಗೆ ಸುದ್ದಿ ಮುಟ್ಟಿಸಲು ಆಳು ನಿಲ್ಲಿಸಿದ ಹಾಗೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ಓಣಿಗಳಿಗೆ ನುಗ್ಗಿದ ನೀರನ್ನು ಕಂಡವರಿಗೆ ಇಂಥ ಸುದ್ದಿಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಸರ್ಟಿಫಿಕೇಟ್ ಪರೀಕ್ಷಿಸುವ ಕಾಲ್‌ಬ್ಯಾಕ್ 1 ಎಂದು ಉತ್ತರಿಸಿದರೆ ಸಂಪರ್ಕ ಮುಂದುವರಿಯುತ್ತದೆ, 0 ಎಂದರೆ ಅಲ್ಲಿಗೇ ಕಡಿಯುತ್ತದೆ.

ಕೆಡುಕು ಒಳಗೆ ಬರುವುದು ಇಲ್ಲೇ. ನಾಳೆ ಮಂಡಳಿಯ ಮುಂದೆ ತಂತ್ರಾಂಶ ತೋರಿಸಬೇಕು. ಪರೀಕ್ಷೆಗೆಂದು ಇಟ್ಟ ಸರ್ವರ್‌ನದು ಮನೆಯಲ್ಲೇ ಮಾಡಿಕೊಂಡ ಸರ್ಟಿಫಿಕೇಟ್. ಪರದೆಯ ಮೇಲೆ ದೋಷದ ಸಾಲು ಮತ್ತೆ ಮತ್ತೆ ಬರುತ್ತಿದೆ. ರಾತ್ರಿ ಹನ್ನೊಂದಕ್ಕೆ ತಂತ್ರಾಂಶ ಬರೆಯುವ ಹುಡುಗ ಒಂದೇ ಸಾಲು ಬರೆಯುತ್ತಾನೆ: ಏನೇ ಕೇಳಿದರೂ 1 ಎನ್ನು. ಪೈಥಾನ್‌ನಲ್ಲಾದರೆ ಪರಿಶೀಲನೆಯನ್ನೇ ಆರಿಸುತ್ತಾನೆ. ಆರಿಸಿದ್ದಕ್ಕೆ ಎಚ್ಚರಿಕೆ ಬಂದರೆ ಅದರ ಬಾಯಿಯನ್ನೂ ಮುಚ್ಚಿಸುತ್ತಾನೆ. ಪ್ರಾತ್ಯಕ್ಷಿಕೆ ಸುಸೂತ್ರವಾಗಿ ಮುಗಿಯುತ್ತದೆ, ಬಿಲ್ ಪಾಸಾಗುತ್ತದೆ. ಆ ಸಾಲನ್ನು ಆಮೇಲೆ ಯಾರೂ ತೆಗೆಯುವುದಿಲ್ಲ, ಏಕೆಂದರೆ ಅದರಿಂದ ಏನೂ ಕೆಟ್ಟಂತೆ ಕಾಣುವುದಿಲ್ಲ. ಕೇಳಿದರೆ ‘ಏನೂ ಆಗೂದಿಲ್ಲ ಬಿಡ್ರಿ, ನಮ್ಮೂರಿಗೆ ಯಾರ್ ಬರ್ತಾರ್ರೀ’ ಎಂಬ ಉತ್ತರ. ಬರಬೇಕಾದವನು ಊರಿಗೆ ಬರಬೇಕಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪುಕ್ಕಟೆ ವೈಫೈ ಹಚ್ಚಿ ಕುಳಿತವನು ತನ್ನದೇ ಸರ್ಟಿಫಿಕೇಟ್ ಮುಂದೆ ಹಿಡಿದರೂ ಆ ಕಾಲ್‌ಬ್ಯಾಕ್ ಹೂಂ ಎನ್ನುತ್ತದೆ. ಮಾತು ಆಗಲೂ ಗೂಢಲಿಪಿಯಲ್ಲೇ ಇರುತ್ತದೆ, ಆದರೆ ಬೀಗದ ಕೈ ಅವನ ಹತ್ತಿರ. ಇದು ಎಳೆಯರ ತಪ್ಪು ಮಾತ್ರವೂ ಅಲ್ಲ. ಇಂಥ ಆ್ಯಪ್‌ಗಳು ಎಷ್ಟು ಹೆಚ್ಚಿದ್ದವೆಂದರೆ 2016ರಲ್ಲಿ ಗೂಗಲ್ ತನ್ನ ಪ್ಲೇ ಅಂಗಡಿಯಲ್ಲಿ ಅವುಗಳನ್ನು ತಡೆಯಲು ಆರಂಭಿಸಬೇಕಾಯಿತು.

ಸರ್ಟಿಫಿಕೇಟ್‌ನ ಎಡವಟ್ಟು ದೊಡ್ಡವರ ಮನೆಯಲ್ಲೂ ನಡೆದಿದೆ. 2014ರ ಜುಲೈನಲ್ಲಿ ನಮ್ಮ ದೇಶದ ನ್ಯಾಷನಲ್ ಇನ್ಫಾರ್ಮ್ಯಾಟಿಕ್ಸ್ ಸೆಂಟರ್‌ನ ಸಹಿ ಹೊತ್ತ, ಗೂಗಲ್ ಮತ್ತು ಯಾಹೂ ಹೆಸರಿನ ಅನಧಿಕೃತ ಸರ್ಟಿಫಿಕೇಟ್‌ಗಳು ಸಿಕ್ಕವು. ಸಹಿ ಅಸಲಿ, ಸರ್ಟಿಫಿಕೇಟ್ ಸುಳ್ಳು. ಅದನ್ನು ಗುರುತಿಸಿದ್ದು ಗೂಗಲ್. ಮರುದಿನವೇ ಭಾರತದ ಸರ್ಟಿಫಿಕೇಟ್ ನಿಯಂತ್ರಕರು ಆ ಸೆಂಟರ್‌ಗೆ ಸಹಿ ಹಾಕಲು ಕೊಟ್ಟಿದ್ದ ಅಧಿಕಾರಪತ್ರಗಳನ್ನು ರದ್ದುಪಡಿಸಿದರು. ಗೂಗಲ್ ತಾಣಗಳಿಗೆ ಯಾವ ಕೀಲಿ ಇರಬೇಕೆಂದು ಮೊದಲೇ ತಿಳಿದಿದ್ದ ಕ್ರೋಮ್ ಬ್ರೌಸರ್ ಆ ಸುಳ್ಳು ಸರ್ಟಿಫಿಕೇಟ್‌ಗಳನ್ನು ಒಪ್ಪುತ್ತಿರಲಿಲ್ಲ. ಸಹಿ ನೋಡಿ ಸುಮ್ಮನಾಗುವ ಪ್ರೋಗ್ರಾಂ ಒಪ್ಪುತ್ತಿತ್ತು.

ಅಮೆರಿಕದ ಈಕ್ವಿಫ್ಯಾಕ್ಸ್ ಕಥೆ ಇನ್ನೂ ಕಹಿ. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಆ ಕಂಪನಿಯಲ್ಲಿ ಗೂಢಲಿಪಿಯ ಸಂಪರ್ಕಗಳನ್ನು ಬಿಚ್ಚಿ ನೋಡುವ ಕಾವಲು ಯಂತ್ರವೊಂದಿತ್ತು. ಅದರ ಸರ್ಟಿಫಿಕೇಟ್‌ನ ಅವಧಿ ತಿಂಗಳುಗಟ್ಟಲೆ ಹಿಂದೆಯೇ ಮುಗಿದಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಸಂಚಾರ ನಿಲ್ಲಲಿಲ್ಲ, ನೋಡುವ ಕಣ್ಣು ಮಾತ್ರ ಮುಚ್ಚಿತ್ತು. 2017ರ ಜುಲೈ 29ರಂದು ಸರ್ಟಿಫಿಕೇಟ್ ಹೊಸದು ಮಾಡಿದ್ದೇ ತಡ, ಅನುಮಾನದ ಸಂಚಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಗಿಯಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು.

ಇಂಥ ಕೆಡುಕಿನ ಸೂಚನೆ ಯಂತ್ರದ ದಿನಚರಿಯಾದ ಲಾಗ್ ಕಡತದಲ್ಲಿ ಬಂದು ಬಿದ್ದಿರುತ್ತದೆ. ಸಂಪರ್ಕದ ಪ್ರತಿ ಹಂತದಲ್ಲೂ ಎಚ್ಚರಿಸುವ ಕಾಲ್‌ಬ್ಯಾಕ್ ಇದೆ. ಅದನ್ನು ಹಚ್ಚಿದರೆ ಸಣ್ಣ ಅಂಕಿಗಳು ಬರುತ್ತವೆ. 45 ಎಂದರೆ ಸರ್ಟಿಫಿಕೇಟ್ ಅವಧಿ ಮುಗಿದಿದೆ. 48 ಎಂದರೆ ಸಹಿ ಹಾಕಿದವರ ಗುರುತಿಲ್ಲ. 2021ರಲ್ಲೇ ಕೈಬಿಟ್ಟ, ಗೂಢಲಿಪಿ ಸಂಪರ್ಕದ ಹಳೆಯ ನಿಯಮಾವಳಿಯಾದ ಟಿಎಲ್‌ಎಸ್ 1.0ರಲ್ಲಿ ಮಾತಾಡಲು ಬರುವ ಯಂತ್ರಗಳೂ ಕಾಣಿಸುತ್ತವೆ. ಇವನ್ನು ಓದುವವರು ಯಾರು?

ಇನ್ನೊಂದು ಸೂಕ್ಷ್ಮ. ದೋಷ ಹುಡುಕಲೆಂದು ಸಂಪರ್ಕದ ರಹಸ್ಯ ಕೀಲಿಗಳನ್ನೇ ಕಡತಕ್ಕೆ ಬರೆಯುವ ಕಾಲ್‌ಬ್ಯಾಕ್ ಒಂದಿದೆ. ಕೆಲಸ ಮುಗಿದ ಮೇಲೂ ಅದನ್ನು ಬಿಟ್ಟರೆ, ಆ ಕಡತವೂ ಸೆರೆಹಿಡಿದ ಸಂಚಾರವೂ ಸಿಕ್ಕವನು ಎಲ್ಲವನ್ನೂ ಓದಬಲ್ಲ. ಕಾವಲಿನ ಹೆಸರಿನಲ್ಲಿ ತೆರೆದ ಕಿಂಡಿ ಇದು.

ಕಾಲವೂ ಬಿಗಿಯಾಗುತ್ತಿದೆ. 398 ದಿನವಿದ್ದ ಸರ್ಟಿಫಿಕೇಟ್‌ನ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರಲ್ಲಿ 47. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್, ಅವಧಿ ಮುಗಿಯುವುದನ್ನು ನೆನಪಿಸುವ ಇ-ಮೇಲ್‌ಗಳನ್ನು 2025ರ ಜೂನ್‌ನಲ್ಲೇ ನಿಲ್ಲಿಸಿದೆ. ವರ್ಷಕ್ಕೊಮ್ಮೆ ನೆನಪಿಸಿಕೊಂಡರಾಯಿತು ಎಂಬ ರೂಢಿ ಇನ್ನು ನಡೆಯದು. ದೋಷ ಪದೇ ಪದೇ ಕಾಣಿಸಿದಾಗ ಮತ್ತೆ ‘1’ ಎಂದು ಅದರ ಬಾಯಿ ಮುಚ್ಚಿಸುವ ಆಸೆಯೂ ಹೆಚ್ಚುತ್ತದೆ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಂತ್ರಾಂಶದ ಬಿಲ್‌ಗೆ ಕೈ ಎತ್ತುವ ಮೊದಲು ಸದಸ್ಯರು ಎರಡು ಮಾತು ಕೇಳಲಿ. ಸುಳ್ಳು ಸರ್ಟಿಫಿಕೇಟ್ ತೋರಿಸಿದರೆ ನಮ್ಮ ಆ್ಯಪ್ ಸಂಪರ್ಕ ಕಡಿಯುತ್ತದೆಯೇ? ಕಡಿದಾಗ ಯಾರ ಫೋನ್ ಬಡಿದುಕೊಳ್ಳುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ. ಎದುರಿಗೇ ಮಾಡಿ ತೋರಿಸಲಿ. ಹತ್ತು ನಿಮಿಷದ ಕೆಲಸ.